ಅಳುವ ಗಂಡಸನ್ನು ನಂಬಬಹುದು



'ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು' ಎಂಬ ಗಾದೆ ನಿಮಗೆ ತಿಳಿದೇ ಇದೆ. ಗಡಿಯ ಆಚೆ ಈಚೆ ಎಂಬ ಭೇದವಿಲ್ಲದೆ ಕನ್ನಡ ಆಡುವ ಊರುಗಳಲ್ಲೆಲ್ಲ ಇದು ಚಲಾವಣೆಯಲ್ಲಿದೆ. ಗಾದೆಯ ಮೊದಲ ಅರ್ಧವನ್ನು ನಮ್ಮ ಹೆಣ್ಣುಮಕ್ಕಳು ಓದಿ, ದುಡಿದು, ನಕ್ಕು ಸುಳ್ಳು ಮಾಡಿದ್ದಾರೆ. ಎರಡನೆಯ ಅರ್ಧ ಮಾತ್ರ ಇನ್ನೂ ಗಟ್ಟಿಯಾಗಿ ಉಳಿದಿದೆ. ಎದೆಯ ಭಾರವನ್ನು ಹೊರಗೆ ಹಾಕದವನೇ ಗಂಡಸು ಎಂಬ ನಂಬಿಕೆ ಹೇಗೆ ಬೆಳೆಯಿತು, ಸಾಂಕ್ರಾಮಿಕ ರೋಗಗಳ ಕಾಲದಲ್ಲಿ ಅದು ಹೇಗೆ ಪರೀಕ್ಷೆಗೆ ಒಳಗಾಯಿತು, ಅದರಿಂದ ನಾವು ಕಳೆದುಕೊಂಡದ್ದೇನು ಎಂಬುದನ್ನು ನಿಮ್ಮೊಂದಿಗೆ ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ಪ್ಲೇಗಿನ ಕಾಲಕ್ಕೆ ಹೋಗೋಣ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಮಾರಿ ಮುಂದಿನ ಎರಡು ಮೂರು ವರ್ಷಗಳಲ್ಲಿ ಪುಣೆ, ಸೊಲ್ಲಾಪುರ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ದಾಟಿ ಬೆಂಗಳೂರು, ಮೈಸೂರುಗಳವರೆಗೆ ಬಂತು. ಊರನ್ನೇ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಬದುಕಿದ ಕಥೆಗಳನ್ನು ನಿಮ್ಮಲ್ಲಿ ಹಿರಿಯರು ಮನೆಯಲ್ಲಿ ಕೇಳಿರಬಹುದು. 1897ರಲ್ಲಿ ಸರಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಪುಣೆಯಲ್ಲಿ ರ್‍ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಗೋರಾ ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಅಡುಗೆಮನೆ, ದೇವರಮನೆ ಎನ್ನದೆ ಒಳಹೊಕ್ಕರು. ಹೆಂಗಸರ ಮೈಯನ್ನೂ ತಪಾಸಣೆ ಮಾಡಿದರು. 'ನಮ್ಮ ಮನೆಯ ಹೆಣ್ಣುಮಕ್ಕಳನ್ನು ಕಾಯಲಾಗದ ನಾವೆಂಥ ಗಂಡಸರು' ಎಂಬ ಅವಮಾನ ಊರನ್ನೆಲ್ಲ ಸುಟ್ಟಿತು. 1897ರ ಜೂನ್ 22ರ ರಾತ್ರಿ ಚಾಪೇಕರ ಸಹೋದರರು ರ್‍ಯಾಂಡನ ಮೇಲೆ ಗುಂಡು ಹಾರಿಸಿದರು. ಆ ಘಟನೆಯ ರಾಜಕೀಯ ನಿಮಗೆ ಗೊತ್ತಿರುವುದೇ. ಇಲ್ಲಿ ಗಮನಿಸಬೇಕಾದದ್ದು ಬೇರೊಂದು. ರೋಗದ ಭಯ ಮತ್ತು ದುಃಖಗಳಿಗೆ ಗಂಡಸಿನಲ್ಲಿ ಒಂದೇ ಒಂದು ದಾರಿ ತೆರೆದಿತ್ತು, ಅದು ಕೋಪ. ಅಂಜಿಕೆಯಾಯಿತೆಂದು ಹೇಳಿದವನು ಹೇಡಿ, ಸಿಟ್ಟಿಗೆದ್ದವನು ವೀರ.

ಅದೇ ಪುಣೆಯ ಹೊರವಲಯದಲ್ಲಿ ಅದೇ ವರ್ಷ ಇನ್ನೊಂದು ಕೆಲಸ ನಡೆಯುತ್ತಿತ್ತು. ಸಾವಿತ್ರಿಬಾಯಿ ಫುಲೆ ಮತ್ತು ಅವರ ದತ್ತುಮಗ ಡಾಕ್ಟರ್ ಯಶವಂತ ಪ್ಲೇಗಿನ ರೋಗಿಗಳಿಗಾಗಿ ಶುಶ್ರೂಷೆಯ ಕೇಂದ್ರವನ್ನು ತೆರೆದಿದ್ದರು. ರೋಗ ತಗುಲಿದ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದ ಸಾವಿತ್ರಿಬಾಯಿಯವರು ಅದೇ ರೋಗಕ್ಕೆ ತುತ್ತಾಗಿ 1897ರ ಮಾರ್ಚ್ 10ರಂದು ತೀರಿಕೊಂಡರು. ಪಿಸ್ತೂಲು ಹಿಡಿಯುವುದಕ್ಕಿಂತ ರೋಗಿಯನ್ನು ಹೊರುವುದಕ್ಕೆ ಬೇಕಾದ ಧೈರ್ಯ ಕಡಿಮೆಯದೇನಲ್ಲ. ಆದರೆ ಶುಶ್ರೂಷೆ ಎಂಬುದು ಹೆಣ್ಣಿನ ಸ್ವಭಾವ, ಅದರಲ್ಲಿ ಪೌರುಷವೇನಿದೆ ಎಂದು ಸಮಾಜ ಅದನ್ನು ಬೇರೆಯ ತಕ್ಕಡಿಯಲ್ಲಿ ತೂಗಿತು.

ಲೋಕಮಾನ್ಯ ತಿಲಕರ ಹಿರಿಯ ಮಗ ವಿಶ್ವನಾಥ 1903ರಲ್ಲಿ ಪ್ಲೇಗಿನಿಂದ ತೀರಿಕೊಂಡ. ಊರಿಗೆಲ್ಲ ಹೋಳಿ ಹತ್ತಿದಾಗ ನಮ್ಮ ಮನೆಯ ಕಟ್ಟಿಗೆಯೂ ಹೋಗಲೇಬೇಕು ಎಂಬರ್ಥದ ಮಾತನ್ನಾಡಿ ಅವರು ತಮ್ಮ ಕೆಲಸಕ್ಕೆ ಮರಳಿದರೆಂದು ಪ್ರತೀತಿ. ಈ ಕಥೆಯನ್ನು ತಲೆಮಾರುಗಳ ಕಾಲ ಹುಡುಗರಿಗೆ ಧೀರತನದ ಪಾಠವಾಗಿ ಹೇಳಿಕೊಡಲಾಯಿತು. ಅದರಲ್ಲಿ ಧೀರತನ ಇದ್ದದ್ದು ನಿಜ. ಆದರೆ ಆ ತಂದೆ ರಾತ್ರಿ ಒಬ್ಬರೇ ಕುಳಿತಾಗ ಏನಾಯಿತು ಎಂದು ಕೇಳುವ ಅಭ್ಯಾಸವನ್ನು ಪಾಠ ಹೇಳಿದವರು ನಮಗೆ ಕಲಿಸಲಿಲ್ಲ.

ಹುಬ್ಬಳ್ಳಿಯ ಮಾತನ್ನೂ ಇಲ್ಲಿ ಹೇಳಬೇಕು. 1897ರ ಜನವರಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಆ ಲಸಿಕೆ ಹಾಕಿದರು. ದೇಶದಲ್ಲಿ ಅಷ್ಟು ದೊಡ್ಡ ಪ್ರಮಾಣದಲ್ಲಿ ಲಸಿಕೆ ಪಡೆದ ಊರುಗಳಲ್ಲಿ ಅದು ಮೊದಮೊದಲಿನದು. ಆ ದಿನಗಳಲ್ಲಿ ಲಸಿಕೆಯ ಬಗ್ಗೆ ಹಬ್ಬಿದ ಗಾಳಿಮಾತುಗಳಲ್ಲಿ 'ಸೂಜಿ ಚುಚ್ಚಿಸಿಕೊಂಡರೆ ಗಂಡಸುತನ ಹೋಗುತ್ತದೆ' ಎಂಬುದೂ ಒಂದು. ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 2021ರ ಜನವರಿಯಲ್ಲಿ ಕೊರೊನಾ ಲಸಿಕೆಗೆ ಅನುಮತಿ ಕೊಡುವಾಗ, ದೇಶದ ಔಷಧ ಮಹಾನಿಯಂತ್ರಕರು ಅದೇ ಗಾಳಿಮಾತನ್ನು ಶುದ್ಧ ಅವಿವೇಕವೆಂದು ತಳ್ಳಿಹಾಕಬೇಕಾಯಿತು. ರೋಗ ಬದಲಾಯಿತು, ಲಸಿಕೆ ಬದಲಾಯಿತು, ಗಂಡಸಿನ ಅಂಜಿಕೆ ಮಾತ್ರ ಇದ್ದಲ್ಲಿಯೇ ಇತ್ತು. ಸಾವಿಗಿಂತ ಗಂಡಸುತನ ಕಳೆಯುವುದೇ ದೊಡ್ಡದೆಂದು ಎಣಿಸುವ ಮನಸ್ಸು ಎಷ್ಟು ಇಕ್ಕಟ್ಟಿನಲ್ಲಿ ಬದುಕುತ್ತಿರಬೇಕು, ನೀವೇ ಯೋಚಿಸಿ.

ಪ್ಲೇಗಿನ ಹಿಂದೆಯೇ 1918ರ ಇನ್‌ಫ್ಲುಯೆಂಜಾ ಬಂತು. ಮಹಾಯುದ್ಧದಿಂದ ಹಿಂದಿರುಗಿದ ಹಡಗುಗಳೊಂದಿಗೆ ಮುಂಬಯಿಗೆ ಇಳಿದ ಈ ಜ್ವರ ಆ ವರ್ಷದ ಕೊನೆಯ ತಿಂಗಳುಗಳಲ್ಲಿ ದೇಶದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ಜನರನ್ನು ಕೊಂದಿತೆಂದು ಅಂದಾಜು. 1921ರ ಜನಗಣತಿಯಲ್ಲಿ ಭಾರತದ ಜನಸಂಖ್ಯೆ ಹಿಂದಿನ ಗಣತಿಗಿಂತ ಕಡಿಮೆಯಾಗಿತ್ತು. ಈ ಜ್ವರದಲ್ಲಿ ಭಾರತದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಸತ್ತರು. ಅರೆಹೊಟ್ಟೆಯಲ್ಲಿದ್ದು ಮನೆಯ ರೋಗಿಗಳಿಗೆಲ್ಲ ಆರೈಕೆ ಮಾಡಿದವರು ಅವರೇ ತಾನೆ? ಹೀಗಾಗಿ ಲಕ್ಷಗಟ್ಟಲೆ ಗಂಡಸರು ಎಳೆಯ ವಯಸ್ಸಿನಲ್ಲಿಯೇ ಹೆಂಡತಿಯನ್ನು ಕಳೆದುಕೊಂಡು ಕೂಸುಗಳೊಂದಿಗೆ ಉಳಿದರು. ಹಿಂದಿಯ ಕವಿ ನಿರಾಲಾ ಅವರಲ್ಲೊಬ್ಬರು. ಹೆಂಡತಿಯನ್ನೂ ಮನೆಯ ಹಲವರನ್ನೂ ಆ ಜ್ವರದಲ್ಲಿ ಕಳೆದುಕೊಂಡ ಅವರು ಇಪ್ಪತ್ತು ವರ್ಷಗಳ ನಂತರ 'ಕುಲ್ಲೀ ಭಾಟ್' ಎಂಬ ಕೃತಿಯಲ್ಲಿ ಆ ದಿನಗಳನ್ನು ನೆನೆದರು. ಅವರಿಗೆ ಬರಹವಿತ್ತು. ಬರಹವಿಲ್ಲದ ಸಾಮಾನ್ಯ ಗಂಡಸು ಮರುಮದುವೆಯಾದ, ಹೊಲಕ್ಕೆ ಹೋದ, ಸುಮ್ಮನಾದ. ಅವನ ದುಃಖ ಯಾವ ಗಣತಿಯಲ್ಲೂ ದಾಖಲಾಗಲಿಲ್ಲ.

ಈ ಮೌನವನ್ನು ಕನ್ನಡದಲ್ಲಿ ಒಡೆದ ಕೃತಿಗಳಲ್ಲಿ ಯು. ಆರ್. ಅನಂತಮೂರ್ತಿಯವರ 1965ರ ಕಾದಂಬರಿ 'ಸಂಸ್ಕಾರ' ಮುಖ್ಯವಾದದ್ದು. ಅದನ್ನು ನಾವು ಸಾಮಾನ್ಯವಾಗಿ ಜಾತಿ ಮತ್ತು ಆಚಾರದ ಕಾದಂಬರಿಯೆಂದು ಓದುತ್ತೇವೆ. ಅದು ಪ್ಲೇಗಿನ ಕಾದಂಬರಿಯೂ ಹೌದು. ಊರಿನ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕಾದ ಪ್ರಾಣೇಶಾಚಾರ್ಯರಿಗೆ, ಊರಿಗೆ ಮಾರಿ ಹೊಕ್ಕ ಹೊತ್ತಿನಲ್ಲಿ, ಉತ್ತರವೇ ತೋಚುವುದಿಲ್ಲ. 'ನನಗೆ ತಿಳಿಯದು' ಎಂದು ಹೇಳುವ ಸ್ವಾತಂತ್ರ್ಯವಿಲ್ಲದ ಗಂಡಸಿನ ಒಳಗಿನ ಕುಸಿತ ಅಲ್ಲಿ ಕಥೆಯಾಗಿದೆ. ಹೊಸ ಪುಸ್ತಕವನ್ನು ಕೊಳ್ಳಲಾಗದಿದ್ದರೂ ನಿಮ್ಮ ಊರಿನ ವಾಚನಾಲಯದ ಪ್ರತಿಯನ್ನು ಈ ದೃಷ್ಟಿಯಿಂದ ಇನ್ನೊಮ್ಮೆ ಓದಿ ನೋಡಿ.

ಇನ್ನು ನಮ್ಮ ಕಣ್ಣೆದುರಿನ ಕಾಲಕ್ಕೆ ಬರೋಣ. ದೃಷ್ಟಾಂತಕ್ಕೆ ಕಾಸರಗೋಡನ್ನೇ ತೆಗೆದುಕೊಳ್ಳೋಣ. ಭಾರತದ ಮೂರನೆಯ ಕೊರೊನಾ ರೋಗಿ ಪತ್ತೆಯಾದದ್ದು ಇದೇ ಜಿಲ್ಲೆಯ ಕಾಞಂಗಾಡಿನಲ್ಲಿ, 2020ರ ಫೆಬ್ರವರಿ 3ರಂದು. ಮಾರ್ಚ್ ತಿಂಗಳ ಕೊನೆಗೆ ಇಡೀ ದೇಶವೇ ಕಾಸರಗೋಡಿನ ಹೆಸರನ್ನು ಹೇಳತೊಡಗಿತ್ತು. ಆ ಎರಡು ತಿಂಗಳಲ್ಲಿ ಈ ನೆಲದ ಗಂಡಸು ತನ್ನನ್ನು ಗಂಡಸೆಂದು ಕರೆದುಕೊಳ್ಳಲು ಆತುಕೊಂಡಿದ್ದ ಮೂರು ಕಂಬಗಳು ಒಟ್ಟಿಗೆ ಅಲುಗಾಡಿದವು.

ಮೊದಲನೆಯದು ದುಡಿಮೆ. 'ಉದ್ಯೋಗಂ ಪುರುಷಲಕ್ಷಣಂ' ಎಂದು ನಾವು ಬಾಲ್ಯದಿಂದ ಕೇಳಿದ್ದೇವೆ. ಕಾಸರಗೋಡಿನಲ್ಲಿ ಆ ಉದ್ಯೋಗದ ಇನ್ನೊಂದು ಹೆಸರು ಗಲ್ಫ್. ದುಬಾಯಿಯಿಂದ ಬರುವವನೆಂದರೆ ಕೈತುಂಬ ತರುವವನು. ತಂಗಿಯ ಮದುವೆ, ಮನೆಯ ತಾರಸಿ, ಊರಿನ ಉತ್ಸವದ ವಂತಿಗೆ ಎಲ್ಲವೂ ಅವನ ಹೆಗಲ ಮೇಲೆ. 2020ರ ಮಾರ್ಚಿನಲ್ಲಿ ಅದೇ ಗಂಡಸು ರೋಗ ತರುವವನಾದ. ರೋಗ ದೃಢಪಟ್ಟವರು ಎಲ್ಲಿಗೆ ಹೋದರು, ಯಾರನ್ನು ಕಂಡರು ಎಂಬ ದಾರಿಪಟ್ಟಿಗಳನ್ನು ಆಡಳಿತ ಪ್ರಕಟಿಸಿತು. ಹೆಸರು ಹಾಕದಿದ್ದರೂ ಊರಿಗೆ ಆಳು ಗೊತ್ತಾಗದೆ ಇರುತ್ತದೆಯೇ? ಮೇ 7ರಿಂದ ವಿಶೇಷ ವಿಮಾನಗಳು ಹಾರತೊಡಗಿದಾಗ ಕೆಲಸ ಕಳೆದುಕೊಂಡು ಹಿಂದಿರುಗಿದವರು ಬಹಳ ಮಂದಿ. ಬಾಗಿಲಲ್ಲಿ ಸ್ವಾಗತಿಸುವವರಿಲ್ಲ, ಹದಿನಾಲ್ಕು ದಿನ ಕೋಣೆಯೊಳಗೆ ಒಂಟಿವಾಸ. ಇತ್ತ ಊರಿನಲ್ಲಿಯೇ ಇದ್ದ ಗಾರೆಯವನು, ರಿಕ್ಷಾದವನು, ಬಸ್ಸಿನ ಕ್ಲೀನರ್ ಸಹ ಅಂದಂದಿನ ಸಂಬಳವಿಲ್ಲದೆ ಕುಳಿತರು. ಸರಕಾರ ಏಪ್ರಿಲಿನಲ್ಲಿ ಎಲ್ಲ ರೇಶನ್ ಕಾರ್ಡಿನವರಿಗೂ ಹದಿನೇಳು ಸಾಮಾನುಗಳ ಕಿಟ್ ಕೊಟ್ಟಿತು. ಅದು ಹಸಿವನ್ನು ತಡೆಯಿತು. 'ನಾನು ತಂದು ಹಾಕುವವನು' ಎಂಬ ಅಭಿಮಾನಕ್ಕೆ ಬಿದ್ದ ಪೆಟ್ಟನ್ನು ಕಿಟ್ಟಿನಿಂದ ತಡೆಯುವಂತಿರಲಿಲ್ಲ.

ಎರಡನೆಯದು ರಕ್ಷಣೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಜನರಿಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರು. ಅದು ಇಂದು ನಿನ್ನೆಯ ರೂಢಿಯಲ್ಲ. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿಯ ರಸ್ತೆಗಳನ್ನು ಮುಚ್ಚಿತು. ಕೆಲವೆಡೆ ಮಣ್ಣು ಸುರಿದು ದಾರಿಯನ್ನೇ ಕಡಿಯಿತು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳೂ ನಿಂತವು. ಸಮಯಕ್ಕೆ ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳದ ಹೈಕೋರ್ಟು ತಡೆಯನ್ನು ತೆಗೆಸಬೇಕೆಂದು ಆದೇಶಿಸಿತು. ಸುಪ್ರೀಂ ಕೋರ್ಟಿನಲ್ಲಿ ಏಪ್ರಿಲ್ 7ರ ಹೊತ್ತಿಗೆ ತುರ್ತು ರೋಗಿಗಳನ್ನು ಬಿಡುವ ಏರ್ಪಾಟಾಯಿತು. ಆ ಜಗಳದಲ್ಲಿ ಯಾರ ತಪ್ಪೆಷ್ಟು ಎಂದು ತೂಗುವುದು ನನ್ನ ವಿಷಯವಲ್ಲ. ಅಪ್ಪನನ್ನೋ ಹೆಂಡತಿಯನ್ನೋ ವಾಹನದಲ್ಲಿ ಮಲಗಿಸಿಕೊಂಡು, ತನ್ನದೇ ಭಾಷೆಯಾಡುವ ಪೋಲೀಸರೆದುರು ಕೈಮುಗಿದು, ಹಿಂದಿರುಗಿದ ಮಗನನ್ನು ನೆನಪಿಸಿಕೊಳ್ಳಿ. 'ಒಂದು ಗಡಿ ದಾಟಿಸಲಾಗಲಿಲ್ಲ' ಎಂಬ ಮಾತು ಅಂಥವನನ್ನು ವರ್ಷಗಟ್ಟಲೆ ಕಾಡುತ್ತದೆ. ಅದು ಅವನ ಸೋಲಲ್ಲ. ಆದರೆ ಮನೆಯವರನ್ನು ಕಾಯುವುದೇ ಗಂಡಸಿನ ಧರ್ಮವೆಂದು ನಂಬಿ ಬೆಳೆದವನಿಗೆ ಅದನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕಾಗುತ್ತದೆ.

ಮೂರನೆಯದು ಕೂಟ. ಗಂಡಸಿನ ಮಾತುಕತೆ ಮನೆಯ ಹೊರಗಿನದು. ಚಾದಂಗಡಿ, ಕ್ಷೌರದಂಗಡಿ, ಕಬಡ್ಡಿ ಅಂಕಣ, ವಾಚನಾಲಯದ ಜಗಲಿ, ಯಕ್ಷಗಾನದ ಚೌಕಿ, ಕೊನೆಗೆ ಸಾರಾಯಿಯ ಮೇಜು. ಇವೆಲ್ಲ ಒಂದೇ ದಿನ ಮುಚ್ಚಿದವು. ಹೆಂಗಸರು ಬೇಲಿಯ ಆಚೆ ನಿಂತೋ ಫೋನಿನಲ್ಲೋ ಕಷ್ಟಸುಖವಾಡಿಕೊಂಡರು. ಆ ಅಭ್ಯಾಸ ಅವರಿಗಿತ್ತು. ಗಂಡಸರಿಗೆ ಜೊತೆ ಸೇರಲು ಒಂದು ಆಟ, ಒಂದು ಲೋಟ, ಒಂದು ನೆಪ ಬೇಕಿತ್ತು. ಪತ್ತನಾಜೆಯವರೆಗೆ ನಡೆಯಬೇಕಿದ್ದ ಮೇಳಗಳ ತಿರುಗಾಟ ಮಾರ್ಚಿನಲ್ಲಿಯೇ ನಿಂತು, ಕಲಾವಿದರು ವೇಷ ಕಳಚಿ ಮನೆ ಸೇರಿದರು.

ಕುಡಿತದ ಮಾತನ್ನು ಇಲ್ಲಿ ಮುಚ್ಚಿಡುವಂತಿಲ್ಲ. ಮಾರ್ಚ್ ಕೊನೆಯ ವಾರದಲ್ಲಿ ಕೇರಳದ ಮದ್ಯದಂಗಡಿಗಳೆಲ್ಲ ಮುಚ್ಚಿದವು. ಕೆಲವೇ ದಿನಗಳಲ್ಲಿ ಕುಡಿತಕ್ಕೆ ಒಗ್ಗಿಹೋಗಿದ್ದ ಹಲವರು ಜೀವ ಕಳೆದುಕೊಂಡ ಸುದ್ದಿಗಳು ಬಂದವು. ಹೆಚ್ಚುಕಡಿಮೆ ಎಲ್ಲರೂ ಗಂಡಸರು. ಮಾರ್ಚ್ 30ರಂದು ಸರಕಾರ ವೈದ್ಯರ ಚೀಟಿಯಿದ್ದರೆ ಮದ್ಯ ಕೊಡಬಹುದೆಂದು ಆಜ್ಞೆ ಹೊರಡಿಸಿತು. ಇದು ಚಿಕಿತ್ಸೆಯಲ್ಲವೆಂದು ವೈದ್ಯರ ಸಂಘಗಳು ವಿರೋಧಿಸಿದವು. ಏಪ್ರಿಲ್ 2ರಂದು ಹೈಕೋರ್ಟು ತಡೆ ಕೊಟ್ಟಿತು. ವೈದ್ಯರು ಹೇಳಿದ್ದು ಸರಿ. ವರ್ಷಗಟ್ಟಲೆ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ನಿದ್ದೆಗೇಡು, ಭ್ರಮೆ, ಸೆಳವು ಬರುತ್ತವೆ. ಅದು ಪ್ರಾಣಕ್ಕೂ ಅಪಾಯ. ಅದಕ್ಕೆ ಆಸ್ಪತ್ರೆಯಲ್ಲಿ ಮದ್ದಿದೆ. ಹಾಗಿದ್ದರೂ ಆಸ್ಪತ್ರೆಗೆ ಹೋದವರು ಎಷ್ಟು ಮಂದಿ? ಅದಕ್ಕೂ ಮೊದಲೇ, 2015-16ರಲ್ಲಿ, ನಿಮ್ಹಾನ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಕುಡಿತದ ರೋಗವಿರುವ ನೂರರಲ್ಲಿ ಸುಮಾರು 86 ಮಂದಿ ಚಿಕಿತ್ಸೆಯನ್ನೇ ಪಡೆದಿಲ್ಲವೆಂದು ತೋರಿಸಿತ್ತು. ಕುಡಿಯುವುದು ಗಂಡಸಿನ ಲಕ್ಷಣ, ಕುಡಿತಕ್ಕೆ ಮದ್ದು ಕೇಳುವುದು ನಾಚಿಕೆ ಎಂದು ನಂಬಿದ ಸಮಾಜದಲ್ಲಿ ಇದರಲ್ಲಿ ಅಚ್ಚರಿಯೇನಿದೆ?

ಈಗ ಕೆಲವು ಅಂಕಿಗಳು. ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿಯ ಲೆಕ್ಕದಂತೆ 2019ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ಗಂಡಸರು 97,613. 2020ರಲ್ಲಿ 1,08,532. 2021ರಲ್ಲಿ 1,18,979. ಅದೇ ಎರಡು ವರ್ಷಗಳಲ್ಲಿ ಹೆಂಗಸರ ಸಂಖ್ಯೆ 41,493ರಿಂದ 45,026ಕ್ಕೆ ಏರಿತು. ಒಂದೊಂದು ಜೀವವೂ ಅಮೂಲ್ಯವೇ. ಆದರೆ ಹೆಂಗಸರಲ್ಲಿ ಏರಿಕೆ ಮೂರೂವರೆ ಸಾವಿರ, ಗಂಡಸರಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಎಂಬುದನ್ನು ಗಮನಿಸಿ. 2021ರಲ್ಲಿ ಹೀಗೆ ಸತ್ತವರಲ್ಲಿ ನಾಲ್ವರಲ್ಲಿ ಒಬ್ಬರು ದಿನಗೂಲಿಯವರು. ಅವರ ಸಂಖ್ಯೆ 42,004. ಕೇರಳದಲ್ಲಿ 2020ರ ಪ್ರಮಾಣ ಲಕ್ಷಕ್ಕೆ 24. ದೇಶದ ಸರಾಸರಿ 11.3. ಈ ಏರಿಕೆಯನ್ನೆಲ್ಲ ಕೊರೊನಾದ ಲೆಕ್ಕಕ್ಕೇ ಬರೆಯುವುದು ನ್ಯಾಯವಲ್ಲ, ಸಾಲ, ರೋಗ, ಸಂಸಾರದ ಜಗಳ ಎಲ್ಲವೂ ಇದರಲ್ಲಿ ಹೆಣೆದುಕೊಂಡಿವೆ. ಅಷ್ಟೂ ಮಂದಿಯಲ್ಲಿ ಎಷ್ಟು ಜನ ಸಾಯುವ ಮೊದಲು ಯಾರೊಂದಿಗಾದರೂ ಮನಸ್ಸು ಬಿಚ್ಚಿದ್ದರು ಎಂಬುದೇ ನಮ್ಮನ್ನು ಚುಚ್ಚಬೇಕಾದ ಪ್ರಶ್ನೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ತೋರಿಸಬೇಕು. ಗಂಡಸಿನ ಸಂಕಟ ಎಂದೊಡನೆ ಅವನ ತಪ್ಪುಗಳೆಲ್ಲ ಮಾಫಿಯಾಗುವುದಿಲ್ಲ. ಮನೆಯೊಳಗಿನ ಹೊಡೆತಬಡಿತದ ದೂರುಗಳು ಏರುತ್ತಿವೆಯೆಂದು ರಾಷ್ಟ್ರೀಯ ಮಹಿಳಾ ಆಯೋಗ 2020ರ ಏಪ್ರಿಲಿನಲ್ಲಿಯೇ ಎಚ್ಚರಿಸಿತು. ಪುಣೆಯ ಪ್ಲೇಗಿನಲ್ಲಿ ಅಧಿಕಾರಿಯ ಮೇಲೆ ಹರಿದ ಕೋಪ ಇಲ್ಲಿ ಹೆಂಡತಿ ಮಕ್ಕಳ ಮೇಲೆ ಹರಿಯಿತು. ಭಯವನ್ನು ಭಯವೆಂದು ಹೇಳಲು ಬಾರದವನು ಅದನ್ನು ಸಿಟ್ಟಾಗಿ ಹೇಳುತ್ತಾನೆ. ಆದ್ದರಿಂದ ಗಂಡಸಿಗೆ ಮಾತು ಕಲಿಸುವುದು ಹೆಂಗಸರ ಕ್ಷೇಮಕ್ಕೂ ಸಂಬಂಧಿಸಿದ್ದು.

ಬದಲಾವಣೆಯೇ ಆಗಲಿಲ್ಲವೇ? ಆಯಿತು. ಕೇರಳದ ಪಂಚಾಯತುಗಳು ಕುಡುಂಬಶ್ರೀಯ ಹೆಣ್ಣುಮಕ್ಕಳೊಂದಿಗೆ ಸಾಮೂಹಿಕ ಅಡುಗೆಮನೆಗಳನ್ನು ತೆರೆದಾಗ ತರುಣರು ತರಕಾರಿ ಹೆಚ್ಚಿದರು, ಪೊಟ್ಟಣ ಕಟ್ಟಿದರು, ಮನೆಮನೆಗೆ ಮುಟ್ಟಿಸಿದರು. ಮದುವೆಯ ಚಪ್ಪರದಲ್ಲಿ ಸಾವಿರ ಜನಕ್ಕೆ ಬೇಯಿಸುವ ನಮ್ಮ ಗಂಡಸರು ತಮ್ಮ ಮನೆಯ ಒಲೆಯ ಮುಂದೆ ಕೂರುತ್ತಿರಲಿಲ್ಲ. ಲಾಕ್‌ಡೌನಿನಲ್ಲಿ ಅನೇಕರು ಕುಳಿತರು. ಗಲ್ಫಿನ ರಜೆಯಲ್ಲಿ ಮಾತ್ರ ಕಂಡಿದ್ದ ಅಪ್ಪನೊಂದಿಗೆ ಮಕ್ಕಳು ತಿಂಗಳುಗಟ್ಟಲೆ ಕಳೆದರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು 'ಒಬ್ಬಂಟಿಯಲ್ಲ, ಜೊತೆಗಿದ್ದೇವೆ' ಎಂಬರ್ಥದ ಮಲಯಾಳ ಹೆಸರಿನ ಯೋಜನೆಯಡಿ ಒಂಟಿವಾಸದಲ್ಲಿದ್ದವರಿಗೆ ತಾವಾಗಿಯೇ ಫೋನು ಮಾಡಿ ವಿಚಾರಿಸಿದರು. ಕೇಳಿಕೊಂಡು ಬರಲಿ ಎಂದು ಕಾಯದೆ ತಾವೇ ಹೋಗಿ ಕೇಳಿದ್ದು ದೊಡ್ಡ ಪಾಠ. ಏಕೆಂದರೆ ಗಂಡಸು ಕೇಳಿಕೊಂಡು ಬರುವುದಿಲ್ಲ. ಗಡಿನಾಡಿನ ನಮಗೆ ಇಲ್ಲಿ ಇನ್ನೊಂದು ತೊಡಕಿದೆ. ಕಚೇರಿಯ ವ್ಯವಹಾರಕ್ಕೆ ಎರಡನೆಯ ಭಾಷೆ ಸಾಕು. ಎದೆಯ ಸಂಕಟಕ್ಕೆ ಸಾಲದು. ಸೊಲ್ಲಾಪುರವಿರಲಿ, ಹೊಸೂರಿರಲಿ, ಆದೋನಿಯಿರಲಿ, ಮನಸ್ಸಿನ ವೈದ್ಯರ ಮುಂದೆ ಕನ್ನಡದಲ್ಲಿ ಮಾತಾಡುವ ಅವಕಾಶವನ್ನು ಕೇಳುವುದು ಹಟವಲ್ಲ, ಚಿಕಿತ್ಸೆಯ ಒಂದು ಭಾಗ.

ನಮ್ಮ ಪರಂಪರೆ ಗಂಡಸಿನ ಕಣ್ಣೀರನ್ನು ಎಂದೂ ಒಪ್ಪಿರಲಿಲ್ಲ ಎನ್ನುವವರಿಗೆ ಯಕ್ಷಗಾನವೇ ಉತ್ತರ. ಪಾರ್ತಿಸುಬ್ಬನ ಕುಂಬಳೆ ಈ ಜಿಲ್ಲೆಯದೇ. ಆ ರಂಗದಲ್ಲಿ ರಾಮ ಸೀತೆಗಾಗಿ ಅಳುತ್ತಾನೆ, ದಶರಥ ಮಗನ ಅಗಲಿಕೆಯಲ್ಲಿ ಪ್ರಾಣ ಬಿಡುತ್ತಾನೆ, ಅಭಿಮನ್ಯುವನ್ನು ಕಳೆದುಕೊಂಡ ಅರ್ಜುನ ಕುಸಿಯುತ್ತಾನೆ. ನೋಡುವ ಗಂಡಸರು ಶಾಲಿನ ಅಂಚಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಭಗವದ್ಗೀತೆಯ ಮೊದಲ ಅಧ್ಯಾಯದ ಹೆಸರೇ ಅರ್ಜುನವಿಷಾದಯೋಗ. ಮೈ ನಡುಗಿ ಬಿಲ್ಲು ಜಾರಿದ ವೀರನ ಮಾತನ್ನು ಪೂರ್ತಿ ಕೇಳಿದ ಮೇಲೆಯೇ ಉಪದೇಶ ಆರಂಭವಾಗುವುದು. ಕೇಳದೆ ಉಪದೇಶಿಸುವ ನಾವು ಆ ಕ್ರಮವನ್ನು ತಲೆಕೆಳಗು ಮಾಡಿಕೊಂಡಿದ್ದೇವೆ.

ಕಾನೂನೂ ಈಗ ಮೆತ್ತಗಾಗಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಆತ್ಮಹತ್ಯೆಗೆ ಯತ್ನಿಸಿದವನನ್ನು ತೀವ್ರ ಒತ್ತಡದಲ್ಲಿದ್ದವನೆಂದು ಭಾವಿಸಿ ಆರೈಕೆ ಮಾಡಬೇಕೆನ್ನುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯಸಂಹಿತೆಯಲ್ಲಿ ಹಳೆಯ 309ನೆಯ ಕಲಮು ಇಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಣವಿಲ್ಲದೆ, ಹಗಲಿರುಳು, ಕನ್ನಡದಲ್ಲಿಯೂ ಮಾತಾಡಬಹುದು. ಈ ಸಂಖ್ಯೆಯನ್ನು ಕ್ಯಾಲೆಂಡರಿನ ಹಿಂದೆ ಬರೆದಿಡಿ.

ಕೊನೆಗೆ ಒಂದು ಕೋರಿಕೆ. ನಿದ್ದೆ ಕಳೆದುಕೊಂಡವನು, ಊಟ ಬಿಟ್ಟವನು, ಮೊದಲಿಲ್ಲದ ಸಿಟ್ಟು ತೋರುವವನು, ಕುಡಿತ ಹೆಚ್ಚಿಸಿದವನು, 'ಇನ್ನು ನನ್ನಿಂದ ಯಾರಿಗೂ ಉಪಯೋಗವಿಲ್ಲ' ಎನ್ನುವವನು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ, ಅಣ್ಣನಿರಲಿ, ಮಾವನಿರಲಿ, ಮಗನಿರಲಿ, ಪಕ್ಕದಲ್ಲಿ ಕುಳಿತುಕೊಳ್ಳಿ. 'ಏನಾಯಿತು?' ಎಂದು ಕೇಳಿ. ಉತ್ತರಕ್ಕೆ ಅವಸರಪಡಿಸಬೇಡಿ. ಸಾಯುವ ಯೋಚನೆಯೇನಾದರೂ ಬರುತ್ತದೆಯೇ ಎಂದು ನೇರವಾಗಿ ಕೇಳುವುದರಿಂದ ಕೆಡುಕಾಗುವುದಿಲ್ಲ. ಹೌದೆಂದರೆ ಅವನನ್ನು ಒಬ್ಬನನ್ನೇ ಬಿಡದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಅವನು ಅತ್ತರೆ ಅಳಲಿ. ಗಾದೆ ಏನೇ ಹೇಳಲಿ, ನೀವು ಅವನನ್ನು ನಂಬಿ.